ಮ್ಯೂಕರ್ ಗುಡ್ಡ ಬೋಳಾಗಿರೋದು ಪ್ರಕೃತಿಯಿಂದಲೋ, ಮನುಷ್ಯನಿಂದಲೋ?

ಸುತ್ತಾಟದ ಶ್ರೀನಿ:
ಜುಲೈ ಮೊದಲ ವಾರ ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರಿನ ಸ್ವೇಲ್‌ಡೇಲ್ ಕಣಿವೆಗೆ ಹೋಗಿದ್ದೆ. ಮ್ಯೂಕರ್ ಅನ್ನೋ ಪ್ಯಾರಿಷ್. ಹುಲ್ಲಿನ ಮಧ್ಯೆ ಒಬ್ಬರೇ ನಡೆಯುವಷ್ಟು ಅಗಲದ ಕಲ್ಲುಹಾಸಿನ ದಾರಿ, ಎರಡೂ ಕಡೆ ನೇರಳೆ, ಹಳದಿ ಹೂವು. ಹಿಂದೆ ಬೋಳು ಗುಡ್ಡ. ಮನುಷ್ಯನ ಕೈ ತಾಗದ ಜಾಗ ಅಂದ್ರೆ ಇದೇ ನೋಡಿ. ನಮ್ಮಲ್ಲಿ ಗುಡ್ಡ ಬಗೆದು ರೆಸಾರ್ಟ್ ಕಟ್ಟೋದನ್ನ ನೋಡಿ ನೋಡಿ ರೋಸಿಹೋಗಿದ್ದೆ.

ಮಲ್ನಾಡ್ ಮಂಜ:
ಫೋಟೋ ಸೊಗಸಾಗಿದೆ ಸರ್. ಆದ್ರೆ "ಕೈ ತಾಗದ" ಅಂತೀರಿ, ನಿಮ್ಮ ಮೂರನೇ ಫೋಟೋದಲ್ಲಿ ಗುಡ್ಡದ ನೆತ್ತಿವರೆಗೂ ಕಲ್ಲಿನ ಗೋಡೆ ಓಡಿದೆ! ಮರ ಒಂದೂ ಇಲ್ಲ. ಅಷ್ಟು ಮಳೆ ಬೀಳೋ ಊರಲ್ಲಿ ಮರ ತಾನಾಗಿ ಬೆಳೆಯಲ್ವಾ? ಕಡಿದಿದಾರೆ, ಚಿಗುರಿದ್ದನ್ನ ಕುರಿ ಮೇಯ್ದಿದೆ. ಕತೆ ಅಷ್ಟೇ.

ಉಷಾ ಡಾರ್ಲಿಂಗ್ಟನ್:
ಮಂಜ ಅವರೇ, ಕುರಿ ಒಂದನ್ನೇ ದೂರಬೇಡಿ. ನಾನಿರೋದು ಅಲ್ಲಿಗೆ ಹತ್ತಿರ, ವರ್ಷಕ್ಕೆ ಎರಡು ಸಲ ಹೋಗ್ತೀನಿ. ಶ್ರೀನಿ ಮೆಚ್ಚಿದ ಆ ಹೂವಿನ ಗದ್ದೆ ರೈತರು ಮಾಡಿದ್ದು. ವಸಂತದಲ್ಲಿ ಕುರಿಗಳನ್ನ ಗುಡ್ಡಕ್ಕೆ ಅಟ್ಟಿ ಗದ್ದೆ ಖಾಲಿ ಬಿಡ್ತಾರೆ. ಹೂ ಬಿಟ್ಟು ಬೀಜ ಉದುರಿದ ಮೇಲೆ ಹುಲ್ಲು ಕೊಯ್ತಾರೆ. ಗದ್ದೆಗೊಂದರಂತೆ ಕಲ್ಲಿನ ಕೊಟ್ಟಿಗೆ ಇದೆಯಲ್ಲ, ಹಿಂದೆಲ್ಲ ಅದರ ಅಟ್ಟದ ಮೇಲೆ ಒಣಹುಲ್ಲು, ಕೆಳಗೆ ನಾಲ್ಕೈದು ದನ. ಚಳಿಗಾಲವಿಡೀ ದನ ಅಲ್ಲೇ ತಿಂದು, ಅಲ್ಲೇ ಹಾಕಿದ ಸಗಣಿ ಅದೇ ಗದ್ದೆಗೆ. ಗೊಬ್ಬರ ಹೊರೋ ಕೆಲಸವೇ ಇರಲಿಲ್ಲ! ಈಗ ಬಹುಪಾಲು ಕೊಟ್ಟಿಗೆಗಳು ಖಾಲಿ.

ಶಿವು ಬಳ್ಳಾರಿ:
ಗಣಿ ಬಗ್ಗೆ ಯಾರೂ ಮಾತಾಡ್ಲಿಲ್ಲ. ಅದು ಸೀಸದ ಸೀಮೆ ಕಣ್ರೀ. ಇಳಿಜಾರಿನ ಮೇಲ್ಗಡೆ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸೋದು, ಆಮೇಲೆ ಏರಿ ಒಡೆಯೋದು. ನೀರು ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ ಅದಿರಿನ ಎಳೆ ಬಯಲಾಗ್ತಿತ್ತು. ಅದಕ್ಕೆ ಅಲ್ಲಿನ ಗಣಿಯವರು "ಹಶ್" ಅಂತಿದ್ರು. ಆ ಗಾಯಗಳನ್ನೇ ಈಗ ಚಾರಣಿಗರು "ಕಂದರ" ಅಂತ ಫೋಟೋ ಹೊಡೀತಾರೆ. ಸಂಡೂರು ನೋಡಿದವನಿಗೆ ಇದು ಹೊಸದಲ್ಲ.

ಸುತ್ತಾಟದ ಶ್ರೀನಿ:
ಸರಿ, ಗೋಡೆ, ಗದ್ದೆ ಒಪ್ಪಿದೆ. ಆದ್ರೆ ಕಣಿವೆಯ ಆಕಾರವನ್ನೂ ಮನುಷ್ಯನೇ ಮಾಡಿದ್ನಾ? ಮ್ಯೂಕರ್ ಎದುರಿಗಿರೋ ಕಿಸ್ಡನ್ ಗುಡ್ಡದ ಪಶ್ಚಿಮಕ್ಕೆ ಸ್ವೇಲ್ ನದಿ ಹರೀತಿತ್ತಂತೆ. ಹಿಮಯುಗದಲ್ಲಿ ಹಿಮನದಿ ತಂದು ಸುರಿದ ಕಲ್ಲುಮಣ್ಣು ಆ ದಾರಿ ಮುಚ್ಚಿ, ನದಿ ಪೂರ್ವಕ್ಕೆ ಕಮರಿ ಕೊರೆದುಕೊಂಡಿತು. ಇದಕ್ಕೇನಂತೀರಿ?

ಶಿವು ಬಳ್ಳಾರಿ:
ಅದು ನಿಮಗೆ ಬಿಟ್ಟೆ 😄

ಪದ್ಮ ಟೀಚರ್:
ನಡುವೆ ಬಾಯಿ ಹಾಕ್ತಿದೀನಿ. ಪ್ಯಾರಿಷ್ ಅಂದ್ರೆ ನಮ್ಮ ಗ್ರಾಮ ಪಂಚಾಯ್ತಿನಾ, ಹೋಬಳಿನಾ?

ಉಷಾ ಡಾರ್ಲಿಂಗ್ಟನ್:
ಟೀಚರ್, ಮೊದಲು ಅದು ಚರ್ಚಿನ ಎಲ್ಲೆ. ಬಡವರಿಗೆ ಅನ್ನ ಹಾಕೋ ಹೊಣೆ 1601ರ ಕಾಯ್ದೆಯಿಂದ ಅದರ ಹೆಗಲಿಗೆ ಬಿತ್ತು. ಪಂಚಾಯ್ತಿ ಥರದ ಪ್ಯಾರಿಷ್ ಕೌನ್ಸಿಲ್ ಬಂದಿದ್ದು 1894ರ ಕಾಯ್ದೆಯಲ್ಲಿ. ಆದ್ರೆ ಚರ್ಚಿನ ಎಲ್ಲೆ ಜನರಿಗೆ ಏನಾಗಿತ್ತು ಅಂತ ತಿಳೀಬೇಕಾದ್ರೆ ಹೆಣದ ದಾರಿ ನಡೀಬೇಕು. ಮೇಲ್ಕಣಿವೆಯೆಲ್ಲ ಗ್ರಿಂಟನ್ ಪ್ಯಾರಿಷ್‌ಗೆ ಸೇರಿತ್ತು. ಹೂಳೋದು ಗ್ರಿಂಟನ್ ಚರ್ಚಿನ ಹತ್ತಿರವೇ ಆಗಬೇಕು. ಕಣಿವೆಯ ಮೇಲ್ತುದಿಯ ಕೆಲ್ಡ್ ಊರಲ್ಲಿ ಯಾರಾದ್ರೂ ಸತ್ತರೆ 16 ಮೈಲಿ ಹೊರಬೇಕು! ಹಗುರಾಗಲಿ ಅಂತ ಬೆತ್ತದ ಬುಟ್ಟಿಯಲ್ಲಿ ಹೆಣ ಇಟ್ಟು ಒಯ್ತಿದ್ರು ಅಂತಾರೆ. ಐವ್ಲೆಟ್ ಸೇತುವೆ ಪಕ್ಕ ಹುಲ್ಲಲ್ಲಿ ಒಂದು ಉದ್ದನೆ ಕಲ್ಲಿದೆ, ಅಲ್ಲಿ ಹೆಣ ಇಳಿಸಿ ಸುಧಾರಿಸಿಕೊಳ್ತಿದ್ರಂತೆ. ನಾನು ಅದರ ಮೇಲೆ ಕೂತು ಬುತ್ತಿ ಬಿಚ್ಚಿದ್ದೆ. ಗೊತ್ತಾದ ಮೇಲೆ ಎದ್ದೆ. 1580ರಲ್ಲಿ ಮ್ಯೂಕರ್‌ಗೆ ಸ್ವಂತ ಚರ್ಚು, ಸ್ಮಶಾನ ಸಿಕ್ಕಿದ ಮೇಲೆ ಈ ಹೊರೆ ಕಮ್ಮಿಯಾಯ್ತು.

ಪದ್ಮ ಟೀಚರ್:
ಬುತ್ತಿ ಪೂರ್ತಿ ತಿಂದ್ರಾ?

ಉಷಾ ಡಾರ್ಲಿಂಗ್ಟನ್:
ಚಿತ್ರಾನ್ನ. ಗೋಡೆ ಪಕ್ಕ ನಿಂತು ತಿಂದೆ.

ಮಲ್ನಾಡ್ ಮಂಜ:
ನನ್ನದೂ ಒಂದು ಪ್ರಶ್ನೆ. ಜನ ಎಲ್ಲಿ ಹೋದ್ರು? 2011ರ ಜನಗಣತಿಯಲ್ಲಿ ಇಡೀ ಪ್ಯಾರಿಷ್‌ನಲ್ಲಿ 250ರ ಆಸುಪಾಸು ಜನ ಅಂತೆ. ಕುರಿ ಮೇಯಿಸೋಕೆ ಅಷ್ಟು ದೊಡ್ಡ ಚರ್ಚು, ಶಾಲೆ ಕಟ್ತಿದ್ರಾ?

ಶಿವು ಬಳ್ಳಾರಿ:
ಸೀಸದ ಬೆಲೆ ಬಿತ್ತು ಸ್ವಾಮಿ. 1880ರ ಹೊತ್ತಿಗೆ ಸ್ಪೇನ್‌ನಿಂದ ಅಗ್ಗದ ಸೀಸ ಬರತೊಡಗಿತು. ಮನೆ ಮನೆಯೇ ಬೀಗ ಹಾಕಿಕೊಂಡು ಹೊರಟವು: ಲ್ಯಾಂಕಾಷೈರಿನ ಹತ್ತಿ ಗಿರಣಿಗೆ, ಡರ್ಹಮ್‌ನ ಕಲ್ಲಿದ್ದಲಿಗೆ, ಕೆಲವರು ಅಮೆರಿಕಕ್ಕೆ. ಶ್ರೀನಿ ಅವರ ಮನಸ್ಸು ತಂಪು ಮಾಡಿದ ಆ ಮೌನ ಇದೆಯಲ್ಲ, ಅದು ಮುಚ್ಚಿದ ಗಣಿಯ ಮೌನ.

ಸುತ್ತಾಟದ ಶ್ರೀನಿ:
ನೀವು ಬಿಡಿ, ಹೂವು ತೋರಿಸಿದ್ರೂ ಗುಂಡಿ ಕಾಣ್ತೀರಿ. ಕೆಲ್ಡ್ ಕಡೆಗೆ ನದಿ ಮೇಲಿನ ಗುಡ್ಡದಲ್ಲಿ ಒಂದು ಪಾಳುಮನೆ ನೋಡಿದೆ. ಕ್ರಾಕ್‌ಪಾಟ್ ಹಾಲ್ ಅಂತ ಹೆಸರು. ಇಂಗ್ಲಿಷಿನಲ್ಲಿ ಕ್ರಾಕ್‌ಪಾಟ್ ಅಂದ್ರೆ ತಲೆಕೆಟ್ಟವ. ಯಾರೋ ಹುಚ್ಚು ಸಾಹುಕಾರ ಕಟ್ಟಿಸಿದ್ದಿರಬೇಕು ಅಂದ್ಕೊಂಡೆ.

ಉಷಾ ಡಾರ್ಲಿಂಗ್ಟನ್:
ಹುಚ್ಚು ಅಲ್ಲ, ಅದು ಹಳೇ ನಾರ್ಸ್, ಅಂದ್ರೆ ವೈಕಿಂಗರ ಮಾತಿನ ಕಾಗೆಗುಂಡಿ. ರೈತರ ಮನೆ ಅದು. ಕೆಳಗಿನ ಗಣಿಯಿಂದ ನೆಲ ಕುಸಿದು ಗೋಡೆ ಬಿರಿದದ್ದಕ್ಕೇ 1950ರ ದಶಕದಲ್ಲಿ ಬಿಟ್ಟು ಹೋದ್ರು.

ಶಿವು ಬಳ್ಳಾರಿ:
ಗುಂಡಿ ಕಂಡಿದ್ದು ನಾನೊಬ್ಬನೇ ಅಲ್ಲ ಅಂತಾಯ್ತು.