ಕೆಳಗೆ ಮಳಿಗೆ, ಮೇಲೆ ಮನೆ: ಬಾಡಿಗೆಯ ಆದಾಯಕ್ಕೆಂದು ಈ ಕಟ್ಟಡ ಕೊಳ್ಳಬಹುದೇ?

ಪ್ರಶ್ನೆ:
ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರ್ ಭಾಗದಲ್ಲಿ ಹನ್ನೆರಡು ವರ್ಷ ಹಳೆಯದಾದ ಕಟ್ಟಡವೊಂದು ಮಾರಾಟಕ್ಕಿದೆ. ಕೆಳಗೆ ಮೂರು ಮಳಿಗೆಗಳು, ಮೇಲಿನ ಎರಡು ಅಂತಸ್ತುಗಳಲ್ಲಿ ನಾಲ್ಕು ಮನೆಗಳು, ಬೆಲೆ 1.60 ಕೋಟಿ ರೂಪಾಯಿ. ಮಳಿಗೆಗೆ ತಲಾ 15,000, ಮನೆಗೆ ತಲಾ 9,000, ಒಟ್ಟು ತಿಂಗಳಿಗೆ 81,000 ರೂಪಾಯಿ ಬಾಡಿಗೆ ಬರುತ್ತದೆಂದು ಮಾರುವವರು ಹೇಳುತ್ತಾರೆ. ಎಂದರೆ ವರ್ಷಕ್ಕೆ ಶೇ. 6ರಷ್ಟು. ಅರ್ಧ ಹಣವನ್ನು ಬ್ಯಾಂಕ್ ಸಾಲದಿಂದ ಹೊಂದಿಸಬೇಕಾಗಿದೆ. ನಾನು ಉಪನ್ಯಾಸಕ, ವ್ಯವಹಾರದ ಅನುಭವವಿಲ್ಲ. ಮೊದಲು ಏನನ್ನು ನೋಡಬೇಕು?

ಉತ್ತರ 1:
ಮಾನ್ಯರೇ, ಮಾರುವವರ ಲೆಕ್ಕದಲ್ಲಿ ಕಟ್ಟಡ ಹನ್ನೆರಡು ತಿಂಗಳೂ ತುಂಬಿರುತ್ತದೆ ಮತ್ತು ಯಾವ ಖರ್ಚೂ ಇರುವುದಿಲ್ಲ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು 2025ರ ಆಗಸ್ಟ್ ಕೊನೆಯಿಂದ ಶೇ. 2ಕ್ಕೆ ಏರಿರುವ ನೋಂದಣಿ ಶುಲ್ಕ ಸೇರಿದರೆ ಸುಮಾರು ಶೇ. 7.6, ಅಂದರೆ 12 ಲಕ್ಷ ರೂಪಾಯಿ ಕೈಬಿಟ್ಟು ಹೋಗುತ್ತದೆ. ನಿಮಗೆ ಬೀಳುವ ಒಟ್ಟು ವೆಚ್ಚ 1.72 ಕೋಟಿ. ವರ್ಷದ 9.72 ಲಕ್ಷ ಬಾಡಿಗೆಯಲ್ಲಿ, ಒಂದು ಮಳಿಗೆ ಮೂರು ತಿಂಗಳು ಮತ್ತು ಪ್ರತಿ ಮನೆ ಒಂದೊಂದು ತಿಂಗಳು ಖಾಲಿ ಇದ್ದರೆ 81,000 ಹೋಗುತ್ತದೆ. ಆಸ್ತಿ ತೆರಿಗೆ, ಮೋಟಾರ್, ಸಂಪ್ ಸ್ವಚ್ಛತೆ, ಸುಣ್ಣಬಣ್ಣಕ್ಕೆ 1.20 ಲಕ್ಷ ಹಿಡಿದರೆ ಉಳಿಯುವುದು 7.71 ಲಕ್ಷ, ಅಂದರೆ ಶೇ. 4.5. ಎಂಬತ್ತು ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿಯಾದರೆ ಮೊದಲ ವರ್ಷ 7 ಲಕ್ಷದಷ್ಟು ಬ್ಯಾಂಕಿಗೇ ಹೋಗುತ್ತದೆ. ಸಾಲದ ಅಸಲಿನ ಕಂತನ್ನು ಸಂಬಳದಿಂದಲೇ ಕಟ್ಟಬೇಕು. ಆದಾಯ ತೆರಿಗೆಯಲ್ಲಿ ಪಾಲಿಕೆಯ ತೆರಿಗೆ ಕಳೆದ ಮೇಲೆ ಉಳಿಯುವ ಬಾಡಿಗೆಗೆ ಶೇ. 30ರ ಕಡಿತವಿದೆ, ಆದರೆ ಅದರಿಂದ ಚಿತ್ರ ಬದಲಾಗದು.

ಉತ್ತರ 2:
ಲೆಕ್ಕಕ್ಕಿಂತ ಮೊದಲು ಅನುಮೋದಿತ ನಕ್ಷೆಯನ್ನು ನೋಡಿ. ಬಾಡಿಗೆಯ ಅರ್ಧಕ್ಕಿಂತ ಹೆಚ್ಚು ಮಳಿಗೆಗಳಿಂದಲೇ ಬರುತ್ತಿದೆ, ಆ ಜಾಗ ನಕ್ಷೆಯಲ್ಲಿ ವಾಹನ ನಿಲುಗಡೆಗೆಂದು ಇದ್ದರೆ ನೀವು ಹಣ ಕೊಡುತ್ತಿರುವುದು ಇಲ್ಲದ ಹಕ್ಕಿಗೆ. ಇ-ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಮತ್ತು ಇ.ಸಿ.ಯನ್ನೂ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ. ಆಮೇಲೆ ಬಾಡಿಗೆದಾರರೊಬ್ಬೊಬ್ಬರನ್ನೂ ಮಾತನಾಡಿಸಿ, ಅವರ ಕರಾರು ಪತ್ರ ಓದಿ. ಯಾವುದಾದರೂ ಮನೆ ಭೋಗ್ಯದ ಮೇಲಿದ್ದರೆ, ಅಂದರೆ ದೊಡ್ಡ ಮೊತ್ತವನ್ನು ಒಮ್ಮೆಲೇ ಪಡೆದು ಕೊಟ್ಟಿದ್ದರೆ, ಅಲ್ಲಿ ತಿಂಗಳ ಬಾಡಿಗೆಯೇ ಇರುವುದಿಲ್ಲ, ಮೇಲಾಗಿ ಆ ದೊಡ್ಡ ಮೊತ್ತವನ್ನು ಹಿಂದಿರುಗಿಸುವ ಹೊಣೆ ನಿಮ್ಮ ತಲೆಗೆ ಬರುತ್ತದೆ. ಬಾಡಿಗೆದಾರರು ಕೊಟ್ಟಿರುವ ಅಡ್ವಾನ್ಸ್ ಹಣದ ಒಟ್ಟು ಮೊತ್ತವನ್ನು ಬೆಲೆಯಲ್ಲಿ ಕಡಿತ ಮಾಡಿಸಿಕೊಳ್ಳಿ, ಇದನ್ನು ಬಹಳ ಜನ ಮರೆಯುತ್ತಾರೆ. ಪ್ರತಿ ಮನೆಗೂ ಜೆಸ್ಕಾಂನ (ಇಲ್ಲಿನ ವಿದ್ಯುತ್ ಕಂಪನಿ) ಪ್ರತ್ಯೇಕ ಮೀಟರ್ ಇದೆಯೇ? ಇಲ್ಲದಿದ್ದರೆ ಬಾಡಿಗೆದಾರರಿಗೆ ಗೃಹಜ್ಯೋತಿಯ ಉಚಿತ ವಿದ್ಯುತ್ ಸಿಗುವುದಿಲ್ಲ, ಅವರು ಪಕ್ಕದ ಬೀದಿಗೆ ಹೋಗುತ್ತಾರೆ.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ನಮ್ಮ ಓಣಿಯಲ್ಲಿ ಎರಡು ಮಳಿಗೆಗಳು ಎಂಟು ತಿಂಗಳು ಬೀಗ ಹಾಕಿಕೊಂಡೇ ಇದ್ದವು. ಅದೇ ಕಟ್ಟಡದ ಮನೆಗಳಲ್ಲಿ ಮಾತ್ರ ಜನ ಇದ್ದೇ ಇದ್ದರು. ಊರಿನ ಹಣ ಗಣಿ, ಉಕ್ಕು, ಜೀನ್ಸ್ ಎಂಬ ಕೆಲವೇ ಕಡೆಯಿಂದ ಬರುವಾಗ ಮೊದಲು ಪೆಟ್ಟು ಬೀಳುವುದು ಮಳಿಗೆಗೆ. ಇನ್ನು ತಾರಸಿಯ ಕೆಳಗಿನ ಕೊನೆಯ ಅಂತಸ್ತು: ಏಪ್ರಿಲ್‌, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ತಾರಸಿಗೆ ತಂಪಿನ ವ್ಯವಸ್ಥೆ ಇಲ್ಲದಿದ್ದರೆ ಆ ಎರಡು ಮನೆಗಳಿಗೆ 9,000 ಸಿಗುವುದು ಕಷ್ಟ. ಮಧ್ಯಾಹ್ನ ಮೂರು ಗಂಟೆಗೆ ಹೋಗಿ ಒಮ್ಮೆ ಆ ಮನೆಯಲ್ಲಿ ನಿಂತು ನೋಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಕ್ಷೆಯ ಪ್ರತಿ ಸಿಕ್ಕಿತು. ಮೂರರಲ್ಲಿ ಎರಡು ಮಳಿಗೆಗಳಿರುವ ಜಾಗ ಅದರಲ್ಲಿ ವಾಹನ ನಿಲುಗಡೆ ಎಂದೇ ಇದೆ. ಆ 30,000ವನ್ನು ಬಿಟ್ಟರೆ ವರ್ಷದ ಬಾಡಿಗೆ 6.12 ಲಕ್ಷಕ್ಕೆ ಇಳಿಯುತ್ತದೆ. ಮುಂಗಡ ಕೊಡುವುದನ್ನು ತಡೆದಿದ್ದೇನೆ; ಮಾರುವವರು ಇದೇ ಲೆಕ್ಕದ ಮೇಲೆ ಬೆಲೆ ಮಾತನಾಡಲು ಒಪ್ಪಿದರೆ ಮಾತ್ರ ಮುಂದುವರಿಯುತ್ತೇನೆ.