ಯೂರಿಯಾ ಚೀಲದ ಲೆಕ್ಕ ಕಂಪನಿಗೆ ಏಕೆ ಬೇಕು?

ಮೂಡಿಗೆರೆ ಬೆಳೆಗಾರ:
ನಮ್ಮದು ಆರು ಎಕರೆ ತೋಟ, ಹೆಚ್ಚಿನದು ರೊಬಸ್ಟಾ. ನಾವು ಕಾಫಿ ಕೊಡುವ ದೊಡ್ಡ ಕಂಪನಿಯ ಕಡೆಯಿಂದ ಕಳೆದ ವಾರ ಇಬ್ಬರು ಹುಡುಗರು ಬಂದಿದ್ದರು. ಟ್ಯಾಬ್ ಹಿಡಿದು ಬೇಲಿಯ ಗುಂಟ ನಡೆದರು. ಎಕರೆಗೆ ಯೂರಿಯಾ ಎಷ್ಟು ಚೀಲ, ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್‌ಗೆ ಡೀಸೆಲ್ ಎಷ್ಟು ಲೀಟರ್, ನೆರಳಿನ ಮರ ಎಷ್ಟು, ಎಲ್ಲವನ್ನೂ ಬರೆದುಕೊಂಡರು. ಏಕೆಂದು ಕೇಳಿದರೆ ‘ನಿವ್ವಳ ಶೂನ್ಯ’ ಎಂದರು. ಹೊಗೆ ಬಿಡುವುದು ಅವರ ಬಾಯ್ಲರ್, ಲೆಕ್ಕ ಒಪ್ಪಿಸಬೇಕಾದವನು ನಾನೇ? ರುಜು ಹಾಕಲು ಕಾಗದವನ್ನೂ ಬಿಟ್ಟುಹೋಗಿದ್ದಾರೆ. ಹಾಕಬಹುದೇ?

ಬಾಳೆಹೊನ್ನೂರು ಕಡೆಯವನು:
ಹನ್ನೆರಡು ವರ್ಷ ಕಾಫಿ ಖರೀದಿಯಲ್ಲಿ ದುಡಿದವನು ನಾನು, ಸರ್. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ಲೆಕ್ಕ ಕೇಳುವುದಕ್ಕೆ ಕಾರಣವಿದೆ. ಕಂಪನಿಯ ಹೊರಸೂಸುವಿಕೆಯನ್ನು, ಅಂದರೆ ಅದರಿಂದಾಗಿ ಗಾಳಿಗೆ ಸೇರುವ, ಭೂಮಿ ಬಿಸಿ ಮಾಡುವ ಅನಿಲವನ್ನು, ಮೂರು ಪಾಲು ಮಾಡುತ್ತಾರೆ: ಸ್ವಂತ ಬಾಯ್ಲರ್, ವಾಹನಗಳದು ಒಂದು, ಕೊಂಡ ವಿದ್ಯುತ್ತಿನದು ಎರಡು, ಕಚ್ಚಾ ಮಾಲು, ಸಾಗಣೆ ಮುಂತಾದ ಉಳಿದದ್ದೆಲ್ಲ ಮೂರು. ನಂಜನಗೂಡಿನಲ್ಲಿ ಕಾಫಿ ಕಾರ್ಖಾನೆ ಇರುವ ನೆಸ್ಲೆಯನ್ನೇ ನೋಡಿ. 2018ರ ಮಟ್ಟದಿಂದ 2030ಕ್ಕೆ ಅರ್ಧ ಇಳಿಸುತ್ತೇವೆ, 2050ಕ್ಕೆ ನಿವ್ವಳ ಶೂನ್ಯ, ಅಂದರೆ ಆದಷ್ಟು ಇಳಿಸಿ ಉಳಿದಷ್ಟನ್ನು ಗಾಳಿಯಿಂದ ವಾಪಸು ಹೀರಿಸಿ ಲೆಕ್ಕ ಸೊನ್ನೆ ಮಾಡುತ್ತೇವೆ ಎಂದು ಹೇಳಿದೆ. ಅದರ ಹೊರಸೂಸುವಿಕೆಯಲ್ಲಿ ಸುಮಾರು ಶೇ 95 ಈ ಮೂರನೆಯ ಪಾಲಿನದು. ಕಾರ್ಖಾನೆಯ ಚಾವಣಿಗೆಲ್ಲ ಸೌರಫಲಕ ಹೊದಿಸಿದರೂ ಅದು ಕರಗುವುದಿಲ್ಲ. ತೋಟಕ್ಕೆ ಬರಲೇಬೇಕು.

ಈಗ ಒಂದು ಚೀಲ ಯೂರಿಯಾ ತೆಗೆದುಕೊಳ್ಳಿ. 45 ಕಿಲೋದಲ್ಲಿ ಸಾರಜನಕ ಸುಮಾರು 20.7 ಕಿಲೋ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ ಸಾಮಾನ್ಯ ಲೆಕ್ಕದಂತೆ ಅದರ ಶೇ 1ರಷ್ಟು ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ರೂಪದಲ್ಲಿ ಏಳುತ್ತದೆ, ಅಂದರೆ ಆಮ್ಲಜನಕದ ತೂಕವೂ ಸೇರಿ ಮುನ್ನೂರು ಗ್ರಾಂ ಚಿಲ್ಲರೆ ಅನಿಲ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಕಾವು ಹಿಡಿದಿಡುತ್ತದೆ. ಚೀಲವೊಂದಕ್ಕೆ ಸುಮಾರು 90 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ ಆಯಿತು! ಯೂರಿಯಾ ತಯಾರಿಸುವಾಗಿನದು ಬೇರೆ. ಮಣ್ಣು ಪರೀಕ್ಷೆ ಮಾಡಿಸಿ ಒಂದು ಚೀಲ ಉಳಿಸಿದರೆ ನಿಮ್ಮ ದುಡ್ಡೂ ಉಳಿಯುತ್ತದೆ.

ಬೇಲಿ ಸುತ್ತಿದ್ದು ಬಹುಶಃ ಯುರೋಪಿನ ಅರಣ್ಯನಾಶ ಕಾನೂನಿಗಾಗಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಅಲ್ಲಿ ಮಾರುಕಟ್ಟೆ ಇರಕೂಡದು ಎಂಬುದು ಅದರ ಉದ್ದೇಶ.

ಸಕಲೇಶಪುರ ತೋಟದಮನೆ:
ಅಣ್ಣ, ಲೆಕ್ಕ ಕೊಡಿ, ರುಜು ಮಾತ್ರ ಓದದೆ ಹಾಕಬೇಡಿ. ಮರಗಳ ಇಂಗಾಲದ ಹಕ್ಕನ್ನು, ಅಂದರೆ ಅವು ಹೀರಿಟ್ಟ ಇಂಗಾಲವನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವ ಹಕ್ಕನ್ನು, ಕಂಪನಿಗೆ ಬಿಟ್ಟುಕೊಡುವ ಸಾಲು ಇದೆಯೇ ನೋಡಿ. ನಮಗೆ ಬಂದ ಕಾಗದದ ನಾಲ್ಕನೆಯ ಪುಟದಲ್ಲಿ ಇತ್ತು, ಅದೂ ಇಂಗ್ಲಿಷಿನಲ್ಲಿ. ನಮ್ಮ ಮಾವ ಮರಗಸಿಯ (ನೆರಳಿನ ಮರದ ಕೊಂಬೆ ಸವರುವ) ಹೊತ್ತಿನಲ್ಲಿ ಒಂದೊಂದು ಕೊಂಬೆಗೂ ಆಳಿನ ಜೊತೆ ಜಗಳವಾಡಿ ಉಳಿಸಿದ ಹಲಸು ಅವು. ಪುಕ್ಕಟೆ ಬರೆದುಕೊಡಲು ನನಗೆ ಮನಸ್ಸಾಗಲಿಲ್ಲ. ಆ ಸಾಲು ಹೊಡೆದುಹಾಕಿಸಿದ ಮೇಲೆಯೇ ರುಜು ಹಾಕಿದೆವು. ಕಿಲೋಗೆ ಎಷ್ಟು ಹೆಚ್ಚು ಕೊಡುತ್ತೀರಿ ಎಂದೂ ಕೇಳಿ. ಗೊಬ್ಬರ ಕಡಿಮೆ ಮಾಡಿ ಇಳುವರಿ ಬಿದ್ದರೆ ನಷ್ಟ ನಮ್ಮದೇ ಅಲ್ಲವೇ?

ಮೂಡಿಗೆರೆ ಬೆಳೆಗಾರ:
ಇಬ್ಬರಿಗೂ ಧನ್ಯವಾದಗಳು. ಅಕ್ಕ ಹೇಳಿದ ಸಾಲು ನಮ್ಮ ಕಾಗದದಲ್ಲೂ ಇದೆ. ನಿನ್ನೆ ಸಂಜೆ ನಾನೂ ಮಗಳೂ ಸುಣ್ಣದ ಗುರುತು ಹಾಕುತ್ತಾ ಮರ ಎಣಿಸಿದೆವು. ಅವರು ಬರೆದದ್ದು 140, ನಮಗೆ ಸಿಕ್ಕಿದ್ದು 212. ಹಳ್ಳದ ಬದಿಯ ಅತ್ತಿ, ಹೊನ್ನೆಗಳ ಕಡೆ ಅವರು ಇಳಿದೇ ಇರಲಿಲ್ಲ. ಸೋಮವಾರ ಮತ್ತೆ ಬರಹೇಳಿದ್ದೇನೆ. ಮಣ್ಣಿನ ಮಾದರಿಯನ್ನೂ ತೆಗೆದಿಟ್ಟಿದ್ದೇನೆ.