ಅಪ್‌ಡೇಟ್: ಕಾಫಿ ಪುಡಿ ಅಂಗಡಿಯ ಡ್ಯಾಶ್‌ಬೋರ್ಡ್ ಲೆಕ್ಕ ತಾಳೆಯಾಯಿತು

ಹಾಸನದ ನಮ್ಮ ಕಾಫಿ ಪುಡಿ ಅಂಗಡಿಗೆ ಗೂಗಲ್ ಶೀಟ್ಸ್ ಮತ್ತು ಲುಕರ್ ಸ್ಟುಡಿಯೊ (ಶೀಟಿನ ಅಂಕಿಗಳನ್ನು ಚಾರ್ಟುಗಳಾಗಿ ತೋರಿಸುವ ಗೂಗಲ್ ಸಾಧನ) ಬಳಸಿ ಕಟ್ಟಿದ ಡ್ಯಾಶ್‌ಬೋರ್ಡಿನ, ಅಂದರೆ ಮಾರಾಟ-ದಾಸ್ತಾನು ಒಂದೇ ಕಡೆ ಕಾಣುವ ಪರದೆಯ, ಅಂಕಿಗಳು ಲೆಕ್ಕದ ಪುಸ್ತಕಕ್ಕೆ ಏಕೆ ತಾಳೆಯಾಗುತ್ತಿಲ್ಲ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಮೊದಲ ತಪ್ಪು ದಿನಾಂಕದ್ದು. ಶೀಟಿನ ಲೊಕೇಲ್ (ದಿನಾಂಕ ಮುಂತಾದವನ್ನು ಯಾವ ದೇಶದ ಕ್ರಮದಲ್ಲಿ ಓದಬೇಕೆಂಬ ಸೆಟ್ಟಿಂಗ್) ತಿಂಗಳನ್ನು ಮೊದಲು ಬರೆಯುವ ಅಮೆರಿಕದ್ದಾಗಿದ್ದರಿಂದ, ನಾವು 05/08 ಎಂದು ಬರೆದ ಆಗಸ್ಟ್ 5ರ ಮಾರಾಟವು ಮೇ 8ಕ್ಕೆ ಹೋಗಿ ಕುಳಿತಿತ್ತು; 13ರಿಂದ ಮುಂದಿನ ತಾರೀಖುಗಳಂತೂ, 13ನೇ ತಿಂಗಳೆಂಬುದೇ ಇಲ್ಲದ್ದರಿಂದ, ದಿನಾಂಕವೆಂದೇ ಗುರುತಾಗದೆ ಬರೀ ಪಠ್ಯವಾಗಿ ಉಳಿದು, ಗ್ರಾಫಿನಿಂದಲೇ ಮಾಯವಾಗಿದ್ದವು. ಸೆಟ್ಟಿಂಗ್ಸ್‌ನಲ್ಲಿ ಲೊಕೇಲನ್ನು ಭಾರತಕ್ಕೆ ಬದಲಿಸಿದ ಮಾತ್ರಕ್ಕೆ, ಆಗಲೇ ಅದಲುಬದಲಾಗಿದ್ದ ಸಾಲುಗಳು ಸರಿಹೋಗುವುದಿಲ್ಲವೆಂದು ತಡವಾಗಿ ತಿಳಿಯಿತು. ಬಿಲ್ ಪುಸ್ತಕವನ್ನು ಎದುರಿಗಿಟ್ಟುಕೊಂಡು ಎರಡು ರಾತ್ರಿ ಕುಳಿತು ತಿದ್ದಿದೆ.

ದಾಸ್ತಾನಿನ ತಪ್ಪು ಮಾತ್ರ ಸಂಪೂರ್ಣವಾಗಿ ನನ್ನದೇ. ಕೊಂಡ ಬೀಜದ ತೂಕದಿಂದ ಮಾರಿದ ಪುಡಿಯ ತೂಕವನ್ನು ನೇರವಾಗಿ ಕಳೆದಿದ್ದೆ. ಹುರಿಯುವಾಗ ಬೀಜದ ತೂಕ ಸುಮಾರು ಶೇ. 15ರಿಂದ 20ರಷ್ಟು ಇಳಿಯುತ್ತದೆ, ಆಮೇಲೆ ಚಿಕೋರಿ ಬೆರೆತು ಪುಡಿಯ ತೂಕ ಮತ್ತೆ ಏರುತ್ತದೆ ಎಂಬುದನ್ನು, ಹುಟ್ಟಿದಾಗಿನಿಂದ ಆ ಘಮದಲ್ಲೇ ಬೆಳೆದ ನಾನು ಸೂತ್ರ ಬರೆಯುವಾಗ ಮರೆತಿದ್ದೆ! “ಹುರಿದ ಮೇಲೆ ತೂಗಿದ್ದು ಎಲ್ಲಿ ಬರೆದಿದೀರಾ ಅಣ್ಣಾ?” ಎಂದು ಹುರಿಯುವ ಹುಡುಗ ಕೇಳಿದಾಗಲೇ ಹೊಳೆದದ್ದು. ಈಗ ಪ್ರತಿ ಸಲ ಹುರಿಯುವ ಮೊದಲಿನ ತೂಕ, ನಂತರದ ತೂಕ, ಬೆರೆಸಿದ ಚಿಕೋರಿ ಎಂಬ ಮೂರು ಅಂಕಿಗಳನ್ನು ಅವನೇ ಮೊಬೈಲಿನಲ್ಲಿ ಗೂಗಲ್ ಫಾರ್ಮ್ ಮೂಲಕ ತುಂಬುತ್ತಾನೆ.

ನಾನು ಆಸೆಯಿಂದ ಮಾಡಿದ್ದ ಬಣ್ಣದ ಚಾರ್ಟುಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿದ್ದೇನೆ. ಅಪ್ಪ ನೋಡುವುದು ಒಂದೇ ಅಂಕಿ: ಇನ್ನೆಷ್ಟು ಕಿಲೋ ಬೀಜ ಉಳಿದಿದೆ.